ತಪ್ಪು ಹಿಡಿಯುವ ರುಚಿ

ಬೆಳಗಿನ ಪತ್ರಿಕೆಯಲ್ಲಿ ಎಲ್ಲವೂ ಸರಿಯಾಗಿದ್ದರೆ ನನಗೆ ಕಾಫಿಯೇ ಸಪ್ಪೆ. ಮಳೆಯ ಪ್ರಮಾಣ ಸರಿ, ಅಡಿಕೆ ಧಾರಣೆ ಸರಿ, ಸತ್ತವರು ನಿಜವಾಗಿ ಸತ್ತಿದ್ದಾರೆ ಎಂದಾದರೆ ಆಮೇಲೆ ಮಾಡುವುದಕ್ಕೇನಿದೆ? ಮಡಚಿ ಟೀಪಾಯಿಯ ಕೆಳಗೆ ತಳ್ಳಬೇಕು, ಅಷ್ಟೆ. ಅದೇ ಒಳಪುಟದ ಮೂಲೆಯಲ್ಲಿ ಅರಣ್ಯ ಸಚಿವರ ಚಿತ್ರದ ಕೆಳಗೆ ಅಬಕಾರಿ ಸಚಿವರ ಹೆಸರು ಬಿದ್ದಿರಲಿ, ಆ ದಿನಕ್ಕೊಂದು ಕಳೆ ಬರುತ್ತದೆ. ಪೆನ್ಸಿಲ್ಲಿನಿಂದ ಗುಂಡಗೆ ಸುತ್ತು ಹಾಕಿ ಮನೆಯವಳನ್ನು ಕರೆದು ತೋರಿಸುತ್ತೇನೆ. ಆಕೆ ಒಗ್ಗರಣೆ ಸೌಟು ಹಿಡಿದೇ ಬಂದು ನೋಡಿ, "ಇಬ್ಬರನ್ನೂ ನೀವು ಕಂಡವರೇ?" ಎಂದು ಕೇಳಿ ಒಳಗೆ ಹೋಗುತ್ತಾಳೆ.

ನಮ್ಮಂಥವರ ಕೈಯಲ್ಲಿ ಒಂದು ಹಳೆಯ ಸರ್ಟಿಫಿಕೇಟು ಇದೆ. ಊರಲ್ಲಿ ನಿಂದಕರು ಇರಲೇಬೇಕೆಂದು ಪುರಂದರದಾಸರೇ ಹಾಡಿದ್ದಾರಲ್ಲ! ಆದರೆ ಅದೇ ಪದದಲ್ಲಿ ದಾಸರು ನಿಂದಕನನ್ನು ಯಾವ ಪ್ರಾಣಿಯ ಪಕ್ಕ ನಿಲ್ಲಿಸಿದ್ದಾರೆ, ಆ ಪ್ರಾಣಿ ಕೇರಿಯನ್ನು ಯಾವ ವಿಧಾನದಿಂದ ಶುದ್ಧಿ ಮಾಡುತ್ತದೆ ಎನ್ನುವುದನ್ನು ಯಾವ ವಿಮರ್ಶಕನೂ ನೆನಪಿಸಿಕೊಳ್ಳುವುದಿಲ್ಲ. ಇನ್ನೂ ಒಂದು ಮಾತಿದೆ. ಕೇರಿ ಶುದ್ಧವಾಗಲಿ ಎಂಬ ಉದ್ದೇಶವೇನೂ ಆ ಪ್ರಾಣಿಗೆ ಇರುವುದಿಲ್ಲ. ಅದಕ್ಕಿರುವುದು ಹಸಿವು.

ಈ ಹಸಿವಿನ ವಿಷಯವೇ ನನ್ನ ತಲೆ ತಿನ್ನುತ್ತಿರುವುದು. ತಿಂಗಳಿಗೊಮ್ಮೆ ಒಂದು ಸಣ್ಣ ಮಾಸಪತ್ರಿಕೆಗೆ ಒಂದೂವರೆ ಪುಟ ಬರೆಯುತ್ತೇನೆ. ದೈನಿಕಗಳು, ಟೀವಿ ವಾಹಿನಿಗಳು ಆ ತಿಂಗಳು ಮಾಡಿದ ಅವಾಂತರಗಳೇ ಅದರ ಸರಕು. ಸಂಭಾವನೆಯೆಂದರೆ ಎರಡು ಗೌರವ ಪ್ರತಿ. ಇಷ್ಟಕ್ಕೇ ನಮ್ಮ ಬೀದಿಯಲ್ಲಿ ಕೆಲವರು ನನ್ನನ್ನು ಕಂಡರೆ ಮಾತು ತಗ್ಗಿಸುತ್ತಾರೆ, ಕೆಲವರು ಕೇಳಿಯೇ ಬಿಡುತ್ತಾರೆ: "ನಿಮಗೆ ಇದನ್ನೆಲ್ಲ ಹೇಳೋ ಅಧಿಕಾರ ಕೊಟ್ಟೋರು ಯಾರು ಸಾರ್?"

ಒಳ್ಳೆಯ ಪ್ರಶ್ನೆ. ಯಾರೂ ಕೊಟ್ಟಿಲ್ಲ. ಕಾಯಿದೆಯಿಂದ ಹುಟ್ಟಿದ ಪ್ರೆಸ್ ಕೌನ್ಸಿಲ್ಲಿಗೇ ಹೆಚ್ಚಿನ ಅಧಿಕಾರವಿಲ್ಲ. 1966ರಲ್ಲಿ ಅದನ್ನು ಸ್ಥಾಪಿಸಿದರು, ತುರ್ತು ಪರಿಸ್ಥಿತಿಯಲ್ಲಿ ಮುಚ್ಚಿದರು, 1978ರ ಕಾಯಿದೆಯ ಮೂಲಕ ಮತ್ತೆ ತೆರೆದರು. ಅದು ಎಚ್ಚರಿಸಬಹುದು, ಗದರಬಹುದು, ಛೀಮಾರಿ ಹಾಕಬಹುದು. ಬಿಡಿಗಾಸು ದಂಡ ಹಾಕುವಂತಿಲ್ಲ. ಅಂದಮೇಲೆ ಪೆನ್ಸಿಲ್ ಹಿಡಿದು ಕೂತವನ ಪಾಡೇನು? ಅವನ ಅಧಿಕಾರವೆಲ್ಲ ಅವನು ಬರೆದದ್ದು ನಿಜವಾಗಿರುವಷ್ಟು ಹೊತ್ತು ಮಾತ್ರ. ಪತ್ರಿಕೆಯಲ್ಲಿ ಒಂದು ತಪ್ಪಾದರೆ ಮರುದಿನ ಇನ್ನೊಂದು ಸಂಚಿಕೆ ಬರುತ್ತದೆ, ಜನ ಮರೆಯುತ್ತಾರೆ. ತಪ್ಪು ಹಿಡಿಯುವವನೇ ತಪ್ಪಿದರೆ ಊರು ಅದನ್ನು ಮೊಮ್ಮಕ್ಕಳಿಗೆ ಹೇಳುತ್ತದೆ.

ಈ ಕಸುಬಿಗೆ ಹಿರಿಯರಿಲ್ಲದೆ ಇಲ್ಲ. ಅಮೆರಿಕದ 'ನ್ಯೂಯಾರ್ಕರ್' ವಾರಪತ್ರಿಕೆಯಲ್ಲಿ ಪತ್ರಿಕೆಗಳನ್ನೇ ವಿಮರ್ಶಿಸುವ ಅಂಕಣವೊಂದು 1927ರಲ್ಲಿ ಶುರುವಾಯಿತು. ಬರೆಯುತ್ತಿದ್ದವರು ರಾಬರ್ಟ್ ಬೆಂಚ್ಲಿ ಎಂಬ ಹಾಸ್ಯಗಾರ. ಹಾಕಿಕೊಂಡ ಹೆಸರು ಗೈ ಫಾಕ್ಸ್. ಲಂಡನ್ನಿನ ಪಾರ್ಲಿಮೆಂಟಿಗೆ ಮದ್ದಿಡಲು ಹೋಗಿ ಸಿಕ್ಕಿಬಿದ್ದ ಆಸಾಮಿಯ ಹೆಸರು. ತಮಾಷೆಗೆ ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ವರದಿಯ ಕೆಳಗೆ ವರದಿಗಾರನ ಹೆಸರು ಇರಲಿ, ಸುದ್ದಿಯ ಮೂಲ ಯಾವುದೆಂದು ಹೇಳಲಿ ಎಂದು ಇನ್ನೊಬ್ಬರಿಗೆ ಉಪದೇಶ ಮಾಡುವವನು ತಾನು ಮಾತ್ರ ಮುಸುಕು ಹಾಕಿಕೊಂಡರೆ ಹೇಗೆ? ಕೆಲಸ ಹೋಗುವ ಭಯವಿದ್ದವರ ಮಾತು ಬೇರೆ. ನನ್ನಂಥ ಪಿಂಚಣಿದಾರನಿಗೆ ಆ ನೆಪವೂ ಇಲ್ಲ.

ಅದೇ ಅಂಕಣವನ್ನು 1945ರಿಂದ ಎ. ಜೆ. ಲೀಬ್ಲಿಂಗ್ ಬರೆದರು. ಭಾರೀ ದೇಹದ, ಭಾರೀ ಊಟದ ಮನುಷ್ಯ. ಪತ್ರಿಕಾ ಸ್ವಾತಂತ್ರ್ಯವೆಲ್ಲ ಪತ್ರಿಕೆಯ ಒಡೆತನ ಇದ್ದವರದ್ದು ಎಂಬರ್ಥದ ಅವರ ಕಿಡಿನುಡಿ ಈಗಲೂ ಓಡಾಡುತ್ತಿದೆ. ನನಗೆ ಅವರ ನುಡಿಗಿಂತ ವಿಧಾನ ಇಷ್ಟ. 1953ರಲ್ಲಿ ಸ್ಟಾಲಿನ್ ತೀರಿಕೊಂಡಾಗ ಪತ್ರಿಕೆಗಳ ರಷ್ಯಾ ಪಂಡಿತರೆಲ್ಲ ಮುಂದೇನಾಗುತ್ತದೆಂದು ಬರೆಯತೊಡಗಿದರು. ಲೀಬ್ಲಿಂಗ್ ಅವರನ್ನು ಬೈಯಲು ಹೋಗಲಿಲ್ಲ. ಒಬ್ಬರು ಹೇಳಿದ್ದರ ಪಕ್ಕಕ್ಕೆ ಇನ್ನೊಬ್ಬರು ಹೇಳಿದ್ದನ್ನು ಇಟ್ಟರು. ಮಿಕ್ಕ ಕೆಲಸ ಓದುಗ ತಾನೇ ನಗುತ್ತ ಮಾಡಿಕೊಂಡ.

ಪಕ್ಕಪಕ್ಕ ಇಡುವುದಕ್ಕೆ ಮೇಜು ಬೇಕು. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ದೈನಿಕಗಳನ್ನು ಇಳಿಜಾರು ಹಲಗೆಗೆ ಸರಳು ಹಾಕಿ ಸಿಕ್ಕಿಸಿರುತ್ತಾರೆ, ನಿಂತೇ ಓದಬೇಕು. ಪುಟದ ಎಡಭಾಗ ಒಬ್ಬರದು, ಬಲಭಾಗ ಇನ್ನೊಬ್ಬರದು. ಪುಟ ತಿರುಗಿಸುವುದಕ್ಕೆ ಇಬ್ಬರ ಒಪ್ಪಿಗೆ ಬೇಕು. ಅಲ್ಲಿ ಕಲಿತ ಮೊದಲ ಪಾಠ, ತುಣುಕು ಕತ್ತರಿಸಿ ಇಟ್ಟುಕೊಂಡರೆ ಸಾಲದು, ದಿನಾಂಕ, ಪುಟಸಂಖ್ಯೆಗಳ ಜೊತೆಗೆ ಆವೃತ್ತಿಯನ್ನೂ ಬರೆದಿಡಬೇಕು ಎನ್ನುವುದು. ಹೊರಗಿನವರಿಗೆ ಇದು ಕ್ಷುಲ್ಲಕವಾಗಿ ಕಾಣುತ್ತದೆ. ಆದರೆ ಕನ್ನಡದ ದೊಡ್ಡ ದೈನಿಕ ಎನ್ನುವುದು ಒಂದು ಪತ್ರಿಕೆಯಲ್ಲ, ಒಂದೇ ಹೆಸರಿನ ಹಲವು ಪತ್ರಿಕೆಗಳು. ಮಂಗಳೂರಿನ ಆವೃತ್ತಿಯ ಮೂರನೇ ಪುಟಕ್ಕೂ ಕಲಬುರಗಿಯ ಮೂರನೇ ಪುಟಕ್ಕೂ ಸಂಬಂಧವಿಲ್ಲ. ದೂರದ ತಾಲ್ಲೂಕುಗಳಿಗೆ ಹೋಗುವ ಪ್ರತಿ ಬೇಗ ಅಚ್ಚಾಗಿ ವ್ಯಾನು ಹತ್ತುತ್ತದೆ, ನಗರದ ಪ್ರತಿ ನಡುರಾತ್ರಿ ದಾಟಿ ಅಚ್ಚಾಗುತ್ತದೆ. ರಾತ್ರಿ ಹನ್ನೊಂದೂವರೆಗೆ ಮುಗಿದ ಕ್ರಿಕೆಟ್ ಪಂದ್ಯದಲ್ಲಿ ಗೆದ್ದವರು ಯಾರೆಂದು ನಗರದವನಿಗೆ ಗೊತ್ತು. ತಾಲ್ಲೂಕಿನವನ ಪತ್ರಿಕೆಯಲ್ಲಿ ಇನ್ನೂ ಎರಡನೇ ಇನಿಂಗ್ಸ್ ನಡೆಯುತ್ತಿರುತ್ತದೆ.

ಹೀಗಾಗಿ ನಮ್ಮ ಕಸುಬಿನಲ್ಲಿ ಅತಿ ಅಪಾಯದ ವಾಕ್ಯವೆಂದರೆ "ಈ ಸುದ್ದಿಯನ್ನು ಇಂಥ ಪತ್ರಿಕೆ ಪ್ರಕಟಿಸಲೇ ಇಲ್ಲ" ಎನ್ನುವುದು. ಬಂದದ್ದನ್ನು ತೋರಿಸುವುದು ಸುಲಭ. ಬರಲಿಲ್ಲವೆಂದು ಹೇಳಬೇಕಾದರೆ ಎಲ್ಲ ಆವೃತ್ತಿ, ಎಲ್ಲ ಪುರವಣಿ, ಹಿಂದಿನ ದಿನ, ಮರುದಿನ ಎಲ್ಲವನ್ನೂ ತಿರುವಿರಬೇಕು. ಅಷ್ಟು ತಿರುವದವನು "ನಾನು ನೋಡಿದ ಬೆಂಗಳೂರು ಆವೃತ್ತಿಯಲ್ಲಿ ಕಾಣಲಿಲ್ಲ" ಎಂದು ಬರೆಯಬೇಕು. ವಾಕ್ಯದ ಖಾರ ಹೋಗುತ್ತದೆ, ಹೋಗಲಿ.

ಮೇಜಿನ ಮಹಿಮೆಗೆ ದೊಡ್ಡ ಸಾಕ್ಷಿ ಪಕ್ಕದ ಮಹಾರಾಷ್ಟ್ರದಲ್ಲಿದೆ. 2009ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಆಗಿನ ಮುಖ್ಯಮಂತ್ರಿಯನ್ನು ಹೊಗಳುವ ಲೇಖನ ಪ್ರತಿಸ್ಪರ್ಧಿ ಮರಾಠಿ ದೈನಿಕಗಳಲ್ಲಿ ಸುದ್ದಿಯ ವೇಷದಲ್ಲಿ ಬಂತು, ಪದಕ್ಕೆ ಪದ ಒಂದೇ. ಒಂದೇ ಪತ್ರಿಕೆ ತರಿಸುವ ಮನೆಯವನಿಗೆ ಇದು ಜನ್ಮದಲ್ಲಿ ಗೊತ್ತಾಗುವುದಿಲ್ಲ. ಪಿ. ಸಾಯಿನಾಥ್ 'ದಿ ಹಿಂದೂ'ದಲ್ಲಿ ಅವನ್ನು ಒಟ್ಟಿಗೆ ಇಟ್ಟು ತೋರಿಸಿದರು. 'ಕಾಸಿಗಾಗಿ ಸುದ್ದಿ' ಎಂಬ ಮಾತು ಆಗ ಮನೆಮಾತಾಯಿತು. ಪ್ರೆಸ್ ಕೌನ್ಸಿಲ್ ಇಬ್ಬರ ಉಪಸಮಿತಿ ಮಾಡಿತು. ಉಪಸಮಿತಿ ಹೆಸರುಗಳ ಸಮೇತ ವರದಿ ಕೊಟ್ಟಿತು. ಕೌನ್ಸಿಲ್ ಮೊದಲು ಅದರ ಸಂಕ್ಷಿಪ್ತ ರೂಪ ಹೊರಡಿಸಿ ಸುಮ್ಮನಾಯಿತು. ಪೂರ್ಣ ಪಾಠ ಹೊರಬರಲು ಕೇಂದ್ರ ಮಾಹಿತಿ ಆಯೋಗ ಹೇಳಬೇಕಾಯಿತು, ಅಷ್ಟರಲ್ಲಿ 2011 ಬಂದಿತ್ತು. ಆಪಾದಿತರ ಹೆಸರು ಹೇಳಲು ಕೌನ್ಸಿಲ್ಲಿಗೇ ಅಷ್ಟು ಹಿಂಜರಿಕೆ. ತಾಲ್ಲೂಕಿನ ಬಿಡಿ ವರದಿಗಾರನ ಹೆಸರನ್ನು ನಾವು ಎಷ್ಟು ಧಾರಾಳವಾಗಿ ಎತ್ತಿ ಆಡುತ್ತೇವೆ!

ಇಲ್ಲಿ ನಮ್ಮ ಬೀದಿಯ ಕೊನೆ ಮನೆಯ ಹಿರಿಯರ ಮಾತು ಹೇಳಬೇಕು. ದೈನಿಕವೊಂದರ ಸುದ್ದಿಮನೆಯಲ್ಲಿ ಉಪಸಂಪಾದಕರಾಗಿ ಆಯುಷ್ಯ ಸವೆಸಿ ನಿವೃತ್ತರಾದವರು. ಇಂದಿಗೂ ರಾತ್ರಿ ಎರಡಕ್ಕೆ ಮುಂಚೆ ಅವರಿಗೆ ನಿದ್ದೆ ಬರುವುದಿಲ್ಲವಂತೆ. ಒಂದು ಕರಾಳ ಶೀರ್ಷಿಕೆಯನ್ನು ಹಿಡಿದು ಅದರ ವರದಿಗಾರನನ್ನು ಝಾಡಿಸಲು ಸಿದ್ಧನಾಗಿದ್ದಾಗ ಅವರು ಕೇಳಿದರು, "ಹೆಡ್ಡಿಂಗು ಅವನೇ ಬರೆದ ಅಂತ ನಿಮಗೆ ಹೇಳಿದೋರು ಯಾರು?"

ಆಮೇಲೆ ವಿವರಿಸಿದರು. ವರದಿಗಾರ ಕಳಿಸುವುದು ನಲವತ್ತು ಸಾಲು. ಡೆಸ್ಕಿನಲ್ಲಿ ಅದು ಹದಿನೆಂಟು ಸಾಲಾಗುತ್ತದೆ. "ಆರೋಪಿಸಲಾಗಿದೆ" ಎಂಬ ಪದ ಹತ್ತೊಂಬತ್ತನೇ ಸಾಲಿನಲ್ಲಿತ್ತು, ಹೋಯಿತು. ಮೂರು ಕಾಲಂ ಅಗಲದ ಜಾಗಕ್ಕೆ ಆರು ಪದದ ತಲೆಬರಹ ಬೇಕು, ಬರೆಯುವವರು ಡೆಸ್ಕಿನವರು. ಹತ್ತು ಗಂಟೆಗೆ ಕಾಲುಪುಟದ ಜಾಹೀರಾತು ಬಂದರೆ ಮೂರು ಕಾಲಂ ಎರಡಾಗುತ್ತದೆ, ಆರು ಪದ ನಾಲ್ಕಾಗುತ್ತದೆ, ಉಳಿದ ನಾಲ್ಕರಲ್ಲಿ "ಶಂಕೆ" ಎಂಬುದಕ್ಕೆ ಜಾಗವಿರುವುದಿಲ್ಲ. ಬೆಳಿಗ್ಗೆ ಊರಿನವರು ಹೊಡೆಯಲು ಹುಡುಕುವುದು ಮಾತ್ರ ವರದಿಗಾರನನ್ನು. ತಾಲ್ಲೂಕಿನಲ್ಲಿ ಅವನಿಗೆ ಸಂಬಳವೆಂಬುದು ಹೆಸರಿಗೆ. ಎಷ್ಟೋ ಕಡೆ ಪುರವಣಿಗೆ ಜಾಹೀರಾತು ತರುವ ಹೊಣೆಯೂ ಅವನದೇ. ಯಾವ ಗುತ್ತಿಗೆದಾರನ ಹತ್ತಿರ ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ಬೇಡುತ್ತಾನೋ ಅದೇ ಗುತ್ತಿಗೆದಾರನ ಸೇತುವೆ ಬಿರುಕು ಬಿಟ್ಟಿರುತ್ತದೆ. "ಅವನನ್ನು ಬೈಯೋದು ಸುಲಭ ಕಣ್ರೀ. ಅವನಿಗೆ ಆ ಎರಡೂ ಕೆಲಸ ಕೊಟ್ಟೋನ ಹೆಸರು ನಿಮ್ಮ ಒಂದೂವರೆ ಪುಟದಲ್ಲಿ ಒಂದು ಸಲವಾದರೂ ಬಂದಿದೆಯೇ?"

ಆ ದಿನದಿಂದ ನನ್ನದೊಂದು ಪದ್ಧತಿ. ಕಾಗದದ ಮೇಲೆ ಕಂಡ ಬರಹದ ಬಗ್ಗೆ ಬರೆಯುತ್ತೇನೆ, ಬರೆದವನ ಮನಸ್ಸಿನೊಳಗೆ ಇಳಿಯುವುದಿಲ್ಲ. "ಬೇಕೆಂದೇ ಮಾಡಿದ್ದಾರೆ", "ದುಡ್ಡು ತಿಂದಿದ್ದಾರೆ" ಎನ್ನುವುದಕ್ಕೆ ನನ್ನ ಹತ್ತಿರ ದಾಖಲೆ ಇರುವುದಿಲ್ಲ. ಇರುವುದು ಹದಿನೆಂಟು ಸಾಲು ಮತ್ತು ನಾಲ್ಕು ಪದ. ಅವುಗಳ ಬಗ್ಗೆಯೇ ಹೇಳಲು ಬೇಕಾದಷ್ಟಿದೆ.

ಕೇಳಿ ಬರೆಯುವುದು ಇನ್ನೊಂದು ಪದ್ಧತಿ, ಇದು ಎಲ್ಲಕ್ಕಿಂತ ಕಷ್ಟದ್ದು. ಐ. ಎಫ್. ಸ್ಟೋನ್ ಎಂಬ ಅಮೆರಿಕದ ಪತ್ರಕರ್ತರು 1953ರಿಂದ 1971ರವರೆಗೆ ಬಹುತೇಕ ಒಬ್ಬರೇ ತಮ್ಮದೇ ಪತ್ರಿಕೆ ನಡೆಸಿದರು. ಕಿವಿ ಮಂದ. ಹಾಗಾಗಿ ಪತ್ರಿಕಾಗೋಷ್ಠಿಗಳಿಗಿಂತ ಅಚ್ಚಾದ ಕಾಗದವನ್ನೇ ಹೆಚ್ಚು ನೆಚ್ಚಿಕೊಂಡರು. 1957ರಲ್ಲಿ ನೆವಾಡಾ ಮರುಭೂಮಿಯಲ್ಲಿ ನೆಲದಡಿಯ ಅಣುಪರೀಕ್ಷೆ ನಡೆಯಿತು. ಅದರ ಕಂಪನ ಇನ್ನೂರು ಮೈಲಿ ದಾಟಿ ಯಾರಿಗೂ ಗೊತ್ತಾಗಿಲ್ಲ ಎಂಬುದು ಆಮೇಲೆ ಅಣುಶಕ್ತಿ ಆಯೋಗದ ಹೇಳಿಕೆಯಾಯಿತು. ಗೊತ್ತಾಗುವುದಿಲ್ಲವಾದರೆ ರಷ್ಯನ್ನರ ಪರೀಕ್ಷೆಯನ್ನೂ ಪತ್ತೆ ಮಾಡಲಾಗದು, ನಿಷೇಧದ ಒಪ್ಪಂದವೇ ವ್ಯರ್ಥ ಎಂಬ ದೊಡ್ಡ ವಾದ ಆ ಸಣ್ಣ ಸಂಖ್ಯೆಯ ಮೇಲೆ ನಿಂತಿತ್ತು. ಸ್ಟೋನ್‌ಗೆ ಪರೀಕ್ಷೆಯ ಸಮಯದಲ್ಲೇ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಓದಿದ ಪುಡಿ ಸುದ್ದಿಗಳು ನೆನಪಿದ್ದವು: ಟೊರಾಂಟೊ, ರೋಮ್, ಟೋಕಿಯೊಗಳಲ್ಲೂ ಕಂಪನ ದಾಖಲಾಗಿದೆಯೆಂದು. ನಮ್ಮ ಟೀವಿಯವರಾಗಿದ್ದರೆ ಅಲ್ಲೇ ಕೆಂಪು ಪಟ್ಟಿ ಓಡಿಸುತ್ತಿದ್ದರು. ಸ್ಟೋನ್ ಭೂಕಂಪಗಳ ಲೆಕ್ಕ ಇಡುವ ಸರ್ಕಾರಿ ಇಲಾಖೆಯನ್ನು ಹುಡುಕಿಕೊಂಡು ಹೋಗಿ ವಿಜ್ಞಾನಿಗಳನ್ನು ಕೇಳಿದರು. ಎರಡು ಸಾವಿರ ಮೈಲಿಗಿಂತ ದೂರದ ಅಲಾಸ್ಕದಲ್ಲೂ ಕಂಪನ ಸಿಕ್ಕಿತ್ತು. ಆಯೋಗ ತನ್ನ ಹೇಳಿಕೆಯನ್ನು ತಿದ್ದಿಕೊಂಡಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯನ್ನು ಆ ಮಹಾನುಭಾವರು ಕೇಳಿರಲಾರರು, ಆದರೆ ನಡೆದುಕೊಂಡದ್ದು ಹಾಗೆ.

ನಾನೂ ಫೋನು ಮಾಡುತ್ತೇನೆ. ಪತ್ರಿಕಾಲಯದ ಆಪರೇಟರು ಸಂಪಾದಕೀಯಕ್ಕೆ ಕೊಡುತ್ತಾರೆ, ಸಂಪಾದಕೀಯದವರು ಜಾಹೀರಾತಿಗೆ, ಜಾಹೀರಾತಿನವರು ಪ್ರಸರಣಕ್ಕೆ. ಪ್ರಸರಣದವರು "ಪೇಪರ್ ಬಂದಿಲ್ವಾ ಸಾರ್?" ಎನ್ನುತ್ತಾರೆ. ಕೊನೆಗೆ ಯಾರೋ ಒಬ್ಬ ಹುಡುಗಿ, ದನಿಯಲ್ಲೇ ದಣಿವು, "ಹೇಳಿ ಅಂಕಲ್" ಎಂದು ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಅವರ ಉತ್ತರಕ್ಕೆ ಒಂದು ವಾರ ಕಾಯಬೇಕೆಂದು ನನಗೆ ನಾನೇ ಗಡುವು ಹಾಕಿಕೊಂಡಿದ್ದೇನೆ. ಬಂದರೆ ಅದನ್ನು ಕೊನೆಯಲ್ಲಿ ಬಾಲಂಗೋಚಿಯಾಗಿ ಅಂಟಿಸದೆ ಆರೋಪದ ಪಕ್ಕದಲ್ಲೇ ಕೊಡುತ್ತೇನೆ. ಬಾರದಿದ್ದರೆ "ಉತ್ತರ ಬರಲಿಲ್ಲ" ಎಂದಷ್ಟೇ ಬರೆಯುತ್ತೇನೆ. "ಬಾಯಿ ಮುಚ್ಚಿಕೊಂಡರು" ಎಂದು ಬರೆಯುವ ಆಸೆ ಪ್ರತಿ ಸಲವೂ ಆಗುತ್ತದೆ.

ನೋಟಿನ ಚಿಪ್ಪಿನ ಪ್ರಸಂಗ ಬೇರೆಯದನ್ನೇ ಕಲಿಸಿತು. 2016ರ ನವೆಂಬರಿನಲ್ಲಿ ಎರಡು ಸಾವಿರದ ಗುಲಾಬಿ ನೋಟು ಬಂದಾಗ ಅದರೊಳಗೆ ನ್ಯಾನೋ ಚಿಪ್ ಇದೆ, ನೆಲದಡಿ ಹೂತರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂದು ಕೆಲವು ವಾಹಿನಿಗಳು ಗಂಟೆಗಟ್ಟಲೆ ಹೇಳಿದವಲ್ಲ, ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರಿಗೂ ಅದು ಸುಗ್ಗಿ. ಅದನ್ನು ಗೇಲಿ ಮಾಡಿ ವಿವರವಾಗಿ ಬರೆದೆ. ಊರಿನಿಂದ ಸೋದರತ್ತೆ ಫೋನು ಮಾಡಿದರು. "ನೀನು ಬರೆದದ್ದು ಓದಿಸಿಕೊಂಡೆ ಮಗಾ. ಹಾಗಾದ್ರೆ ನೂರಿಪ್ಪತ್ತು ಮೀಟರ್ ಆಳಕ್ಕೂ ಗೊತ್ತಾಗ್ತದಂತಲ್ಲ?" ಅತ್ತೆ, ಅದು ಸುಳ್ಳು ಅಂತಲೇ ಬರೆದದ್ದು, ಎಂದೆ. "ಸುಳ್ಳಾದ್ರೆ ಅಷ್ಟುದ್ದ ಯಾಕೆ ಬರೆದೆ?" ಎಂದರು. ಇದಕ್ಕೆ ಇಂದಿಗೂ ನನ್ನ ಹತ್ತಿರ ಉತ್ತರವಿಲ್ಲ. ಸುಳ್ಳನ್ನು ಬಯಲಿಗೆಳೆಯುವವನು ಅದನ್ನು ಇನ್ನೊಂದು ಸುತ್ತು ಮೆರವಣಿಗೆಯನ್ನೂ ಮಾಡಿಸುತ್ತಾನೆ. ಸತ್ಯವನ್ನು ಮೊದಲ ಸಾಲಿನಲ್ಲೇ ಹೇಳಿ, ಸುಳ್ಳಿಗೆ ಅರ್ಧ ಸಾಲು ಕೊಟ್ಟು ಮುಗಿಸುವುದು ಈಗಿನ ಅಭ್ಯಾಸ.

ನೋಟಿನ ವಿಷಯದಲ್ಲಾದರೆ ನಗಬಹುದು. ಅತ್ಯಾಚಾರಕ್ಕೊಳಗಾದ ಹುಡುಗಿಯ ಮನೆಯ ಬಾಗಿಲನ್ನು ವಾಹಿನಿಯೊಂದು ತೋರಿಸಿತೆಂದು ಖಂಡಿಸುವ ಲೇಖನದಲ್ಲಿ ಅದೇ ಬಾಗಿಲಿನ ಚಿತ್ರ ಹಾಕುವವರಿದ್ದಾರೆ. ಊರಿನ ಹೆಸರು, ತಂದೆಯ ಉದ್ಯೋಗ, ಶಾಲೆ ಎಲ್ಲವನ್ನೂ "ನೋಡಿ, ಇದನ್ನೆಲ್ಲ ಹೇಳಿಬಿಟ್ಟರು" ಎಂದು ಮತ್ತೆ ಹೇಳುವವರಿದ್ದಾರೆ. ಅಂಥ ಗುರುತು ಬಯಲು ಮಾಡುವುದು ಕಾನೂನಿನಲ್ಲಿ ಅಪರಾಧ, ಖಂಡಿಸುವವನಿಗೆ ವಿನಾಯಿತಿಯಿಲ್ಲ. ಕಾನೂನು ಹಾಗಿರಲಿ, ಆ ಮನೆಯವರಿಗೆ ವಾಹಿನಿ ಯಾವುದು, ವಿಮರ್ಶಕ ಯಾವನು ಎಂಬ ವ್ಯತ್ಯಾಸ ಗೊತ್ತಾಗುವುದಾದರೂ ಹೇಗೆ?

ಉಳಿದ ಕಾನೂನಿನ ಮಾತು ಬೇಗ ಮುಗಿಸುತ್ತೇನೆ, ನನಗೂ ಆಕಳಿಕೆ ಬರುತ್ತದೆ. ವಿಮರ್ಶೆಗೆಂದು ಇನ್ನೊಬ್ಬರ ಬರಹದ ತುಣುಕು ಎತ್ತಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅವಕಾಶವಿದೆ, ಇಡೀ ಲೇಖನ ಎತ್ತಿಕೊಳ್ಳಲು ಇಲ್ಲ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು. ಅಲ್ಲಿ ಹೇಳಿದ್ದು ನಿಜವೆಂದರೆ ಸಾಲದು, ಹೇಳಿದ್ದರಿಂದ ಸಾರ್ವಜನಿಕ ಹಿತವಿತ್ತೆಂದೂ ತೋರಿಸಬೇಕು. ಸಚಿವರ ಖಾತೆ ಅದಲುಬದಲಾದದ್ದರಲ್ಲಿ ಸಾರ್ವಜನಿಕ ಹಿತವಿದೆ. ಸಂಪಾದಕರ ಎರಡನೇ ಮದುವೆಯಲ್ಲಿ ಇಲ್ಲ, ಅದೆಷ್ಟು ರುಚಿಯಾಗಿದ್ದರೂ.

ನಮ್ಮ ನೆಂಟಸ್ತಿಕೆಗಳ ಲೆಕ್ಕವೂ ಓದುಗರಿಗೆ ಸಿಗಬೇಕು. ನನ್ನ ತಂಗಿಯ ಮಗ ಸುದ್ದಿವಾಹಿನಿಯೊಂದರಲ್ಲಿ ಕ್ಯಾಮೆರಾ ಹಿಡಿಯುತ್ತಾನೆ. ಆ ವಾಹಿನಿಯ ಹೆಸರೆತ್ತಿದಾಗಲೆಲ್ಲ ಇದನ್ನೂ ಬರೆಯುತ್ತೇನೆ, ಅವನಿಗೆ ಮುಜುಗರವಾದರೂ. ಇದಕ್ಕಿಂತ ಸೂಕ್ಷ್ಮವಾದ ನಂಟು ಹಗೆಯದು. ಹವ್ಯಾಸಿ ಲೇಖಕರಲ್ಲಿ ಯಾರನ್ನು ಬೇಕಾದರೂ ಗಮನಿಸಿ. ಯಾವ ಪುರವಣಿಯಿಂದ ಅವರ ಪ್ರಬಂಧ "ವಿಷಾದದೊಂದಿಗೆ" ವಾಪಸು ಬರುತ್ತದೋ ಆ ವಾರದಿಂದ ಆ ಪತ್ರಿಕೆಯ ಕಾಗುಣಿತ ಕೆಡಲು ಶುರುವಾಗುತ್ತದೆ. ಲಕಾರ ಳಕಾರವಾಗುತ್ತದೆ, ಅಕಾರ ಹಕಾರವಾಗುತ್ತದೆ, ಭಾಷೆಯೇ ಅಧೋಗತಿಗೆ ಇಳಿಯುತ್ತದೆ.

ಕಾಗುಣಿತದ ತಪ್ಪಿನ ಬಗ್ಗೆ ನನಗೆ ಈಗ ಉತ್ಸಾಹವಿಲ್ಲ. ಇಂಗ್ಲೆಂಡಿನ 'ಗಾರ್ಡಿಯನ್' ಅಚ್ಚಿನ ತಪ್ಪುಗಳಿಗೆ ಎಷ್ಟು ಹೆಸರುವಾಸಿಯೆಂದರೆ ಅದರ ಹೆಸರನ್ನೇ ಅಕ್ಷರ ತಿರುಚಿ 'ಗ್ರಾನಿಯಡ್' ಎಂದು ಜನ ಕರೆಯುತ್ತಾರೆ. 1997ರಲ್ಲಿ ಇಯಾನ್ ಮೇಯ್ಸ್ ಅದರ ಓದುಗರ ಸಂಪಾದಕರಾದರು. ಅವರ ದಿನನಿತ್ಯದ ತಿದ್ದುಪಡಿಗಳು ಎಷ್ಟು ತಮಾಷೆಯಾಗಿದ್ದವೆಂದರೆ ಪುಸ್ತಕಗಳಾಗಿಯೂ ಬಂದವು. 2006ರಲ್ಲಿ 'ದಿ ಹಿಂದೂ' ಅದೇ ಮಾದರಿಯಲ್ಲಿ ಓದುಗರ ಸಂಪಾದಕರನ್ನು ನೇಮಿಸಿತು. ಒಳ್ಳೆಯ ಕೆಲಸವೇ. ಆದರೆ ಸಣ್ಣ ತಿದ್ದುಪಡಿಗಳ ತಮಾಷೆಯಲ್ಲೊಂದು ಮೋಸವಿದೆ. ಹಕ್ಕಿಯ ಹೆಸರು ತಪ್ಪಾಯಿತು, ನದಿಯ ಉದ್ದ ತಪ್ಪಾಯಿತು ಎಂದು ದಿನಾ ಒಪ್ಪಿಕೊಳ್ಳುವ ಪತ್ರಿಕೆ ಪ್ರಾಮಾಣಿಕ ಎನಿಸಿಬಿಡುತ್ತದೆ. ಇಡೀ ಚುನಾವಣೆಯನ್ನು ಒಂದೇ ಕಣ್ಣಿನಿಂದ ನೋಡಿದ್ದಕ್ಕೆ ತಿದ್ದುಪಡಿ ಎಂದೂ ಬರುವುದಿಲ್ಲ. ವಿಮರ್ಶಕನೂ ಚಿಲ್ಲರೆ ಎಣಿಸುತ್ತ ಕೂತು ನೋಟಿನ ಕಟ್ಟು ಬಿಟ್ಟುಬಿಡುತ್ತಾನೆ. ಚಿಲ್ಲರೆ ಎಣಿಸಲು ಸುಲಭ, ಸದ್ದೂ ಬರುತ್ತದೆ.

ಕಾಮಾಲೆ ಕಣ್ಣಿನ ಕಾಟ ಇವೆಲ್ಲಕ್ಕಿಂತ ಹಳೆಯದು. ನನಗೆ ಒಪ್ಪಿಗೆಯಾದ ರಾಜಕೀಯದ ಪತ್ರಿಕೆಯಲ್ಲಿ ತಪ್ಪು ಕಾಣುವುದೇ ಇಲ್ಲ, ಕಂಡರೂ ಮುದ್ರಾರಾಕ್ಷಸನ ಚೇಷ್ಟೆ ಎನಿಸುತ್ತದೆ. ಒಪ್ಪಿಗೆಯಾಗದ ಪತ್ರಿಕೆಯ ಮುದ್ರಾರಾಕ್ಷಸ ಮಾತ್ರ ದೊಡ್ಡ ಸಂಚಿನ ಭಾಗ. ಇದಕ್ಕೆ ಮದ್ದೆಂದು ಮೆಚ್ಚಿದ ಪತ್ರಿಕೆಯನ್ನು ಎರಡು ಸಲ ಓದುತ್ತೇನೆ, ಬೇಸರವಾದರೂ. ಮೆಚ್ಚದವರ ಬಗ್ಗೆ ಬರೆಯುವಾಗ ಬೆಂಗಳೂರಿನ ಒಂದು ನಾಗರಿಕ ಗುಂಪನ್ನು ನೆನಪಿಸಿಕೊಳ್ಳುತ್ತೇನೆ. 2020ರ ಕೊರೊನಾ ಕಾಲದಲ್ಲಿ ಕೆಲವು ವಾಹಿನಿಗಳು ರೋಗಕ್ಕೆ ಒಂದು ಸಮುದಾಯದ ಹೆಸರಿಟ್ಟು ಕಿರುಚುತ್ತಿದ್ದಾಗ ಅವರು ತಿರುಗಿ ಕಿರುಚಲಿಲ್ಲ. ಯಾವ ದಿನ, ಯಾವ ಕಾರ್ಯಕ್ರಮ, ಆಡಿದ ಮಾತೇನು ಎಂದು ಬರೆದು ವಾಹಿನಿಗಳೇ ಕಟ್ಟಿಕೊಂಡಿದ್ದ ಪ್ರಾಧಿಕಾರಕ್ಕೆ ದೂರು ಕೊಟ್ಟರು. 2021ರ ಜೂನ್‌ನಲ್ಲಿ ಆದೇಶ ಬಂತು: ಒಂದು ಕನ್ನಡ ವಾಹಿನಿಗೆ ಒಂದು ಲಕ್ಷ, ಇನ್ನೊಂದಕ್ಕೆ ಐವತ್ತು ಸಾವಿರ ರೂಪಾಯಿ ದಂಡ. ವಾಹಿನಿಗಳ ವಹಿವಾಟಿಗೆ ಅದು ಟೀ ಕಾಫಿಯ ಖರ್ಚು. ಆದರೆ ದಾಖಲೆಯಲ್ಲಿ ಉಳಿಯಿತು, ಅಳಿಸುವಂತಿಲ್ಲ.

ಹಸಿವಿನ ಮಾತು ಬಿಟ್ಟು ಬಹಳ ದೂರ ಬಂದೆ. ಕಳೆದ ತಿಂಗಳು ಅದರ ಪರೀಕ್ಷೆಯಾಯಿತು. ಒಂದು ದೈನಿಕದಲ್ಲಿ ಗ್ರಾಮ ಪಂಚಾಯಿತಿಯ ಲೆಕ್ಕದ ಸುದ್ದಿ ಬಂದಿತ್ತು, ಲಕ್ಷದ ಜಾಗದಲ್ಲಿ ಕೋಟಿ. ಆ ಊರಿನ ಅಧ್ಯಕ್ಷೆ ಪಾಪ ಕೋಟಿ ನುಂಗಿದ ಕಳ್ಳಿಯಾಗಿದ್ದಳು. ಒಂದೂವರೆ ಪುಟ ತುಂಬಾ ಬರೆದೆ. ನನಗೇ ಮೆಚ್ಚುಗೆಯಾಗುವಷ್ಟು ಚೆನ್ನಾಗಿ ಬಂದಿತ್ತು. ನಿಯಮದಂತೆ ಫೋನು ಮಾಡಿದೆ. ಅದೇ ದಣಿದ ದನಿ. "ಅಯ್ಯೋ, ಹೌದಲ್ಲ ಅಂಕಲ್" ಎಂದಳು. ಮೂರನೇ ದಿನ ಅದೇ ಪುಟದಲ್ಲಿ, ಅದೇ ಜಾಗದಲ್ಲಿ, ಸುದ್ದಿಯಷ್ಟೇ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಬಂತು, ಅಧ್ಯಕ್ಷೆಯ ಹೆಸರು ಹೇಳಿ ವಿಷಾದವನ್ನೂ ಸೂಚಿಸಿದ್ದರು. ಹೀಗಾಗುವುದು ಅಪರೂಪ, ಸಾಮಾನ್ಯವಾಗಿ ಮುಖಪುಟದ ತಪ್ಪಿಗೆ ಒಳಪುಟದಲ್ಲಿ ಇರುವೆ ಅಕ್ಷರದ ಸ್ಪಷ್ಟನೆ. ನಾನು ಸಂತೋಷಪಡಬೇಕಾಗಿತ್ತು. ಪಟ್ಟೆ ಕೂಡ, ಸ್ವಲ್ಪ ತಡವಾಗಿ. ಮೊದಲು ಅನ್ನಿಸಿದ್ದು, ಲೇಖನ ಹೋಯಿತಲ್ಲ!

ಮಾಸಪತ್ರಿಕೆಯ ಸಂಪಾದಕರಿಗೆ ವಿಷಯ ತಿಳಿಸಿದೆ. "ತಿದ್ದಿದರೆ ತಿದ್ದಲಿ ಬಿಡಿ, ಮೊದಲು ತಪ್ಪು ಮಾಡಿದ್ದು ನಿಜ ತಾನೆ? ಹಾಕೋಣ" ಎಂದರು. ಬೇಡ, ತಿದ್ದಿಕೊಂಡದ್ದರ ಬಗ್ಗೆಯೇ ಬರೆದುಕೊಡುತ್ತೇನೆ, ತಪ್ಪನ್ನೂ ಅದರಲ್ಲೇ ಹೇಳುತ್ತೇನೆ ಎಂದೆ.

"ಹೊಗಳ್ತೀರಾ?" ಎಂದರು.

"ಹೊಗಳಿಕೆ ಅಂತಲ್ಲ. ನಡೆದದ್ದು."

"ಯಾರು ಓದ್ತಾರೆ ಸ್ವಾಮಿ ಅದನ್ನ?" ಎಂದು ಗೊಣಗಿದರೂ ಹಾಕಿದರು. ಒಂದೂವರೆ ಪುಟದ್ದು ಮುಕ್ಕಾಲು ಪುಟವಾಗಿತ್ತು. ಉಳಿದ ಮುಕ್ಕಾಲಿನಲ್ಲಿ ಹಲಸಿನ ಹಪ್ಪಳದ ಜಾಹೀರಾತು ಬಂದಿತ್ತು, ಅದಕ್ಕೆ ಮೂವರು ಫೋನು ಮಾಡಿ ವಿಚಾರಿಸಿದರಂತೆ.